ರಟ್ಟಕ್ಕ ಹೊಲಿದು ಸೇರಿಸಿದ ಹಾಳೆಗಳು

ನಮ್ಮ ಗ್ರಂಥಾಲಯದಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟುತ್ತಿದ್ದ ಹೆಂಗಸನ್ನು ಎಲ್ಲರೂ ರಟ್ಟಕ್ಕ ಎಂದೇ ಕರೆಯುತ್ತಿದ್ದರು. ಹಾಜರಿ ಪುಸ್ತಕದಲ್ಲಿ ಬೇರೆ ಹೆಸರಿತ್ತು. ಆ ಹೆಸರಿನಿಂದ ಯಾರಾದರೂ ಕೂಗಿದರೆ ಅವಳೇ ಒಂದು ಕ್ಷಣ, ಯಾರನ್ನಪ್ಪಾ ಕರೀತಿರೋದು ಎಂಬಂತೆ ಆಚೀಚೆ ನೋಡುತ್ತಿದ್ದಳು. ನಾನು ಅದೇ ಗ್ರಂಥಾಲಯದಲ್ಲಿ ಪುಸ್ತಕ ಕೊಟ್ಟು ತೆಗೆದುಕೊಳ್ಳುವ ಕೌಂಟರಿನಲ್ಲಿ ಹದಿನೆಂಟು ವರ್ಷ ಕೂತವನು. ಅವಳಿಗಿಂತ ಹತ್ತು ವರ್ಷ ಚಿಕ್ಕವನಾದ್ದರಿಂದ ನನ್ನನ್ನು ‘ತಮ್ಮ’ ಅನ್ನುತ್ತಿದ್ದಳು. ಅವಳಿಗೆ ಆದ ಅನ್ಯಾಯದಲ್ಲಿ ನನ್ನ ಕೈಯೂ ಇದೆ. ಅದನ್ನು ಮುಚ್ಚಿಟ್ಟುಕೊಂಡು ಇದನ್ನು ಹೇಳಲಾರೆ.

ಅವಳು ಹುಟ್ಟಿ ಬೆಳೆದದ್ದು ಬಸ್ ಡಿಪೋದ ಹಿಂದಿನ ಸಾಲುಮನೆಗಳಲ್ಲಿ. ಮನೆಯೆಂದರೆ ಒಂದೇ ಕೋಣೆ. ಹನ್ನೆರಡು ಕೋಣೆಗೆ ಒಂದು ನಲ್ಲಿ, ಎರಡು ಕಕ್ಕಸು. ಬೆಳಗ್ಗೆ ಬಸ್ಸುಗಳನ್ನು ಚಾಲೂ ಮಾಡಿ ಬಿಟ್ಟರೆ ಅಷ್ಟೂ ಹೊಗೆ ಇವರ ಕಿಟಕಿಗೇ ನುಗ್ಗುತ್ತಿತ್ತು. ಒಣಹಾಕಿದ ಬಟ್ಟೆ ಒಣಗುವುದಕ್ಕೆ ಮೊದಲೇ ಮಸಿಯಾಗುತ್ತಿತ್ತು. ತಾಯಿ ಆಸ್ಪತ್ರೆಯ ಹಾಸಿಗೆಬಟ್ಟೆಗಳನ್ನು ಒಗೆಯುತ್ತಿದ್ದಳು. ಇವಳು ಏಳನೇ ತರಗತಿಯಲ್ಲಿದ್ದಾಗ ತಾಯಿಗೆ ಕೈಯ ಚರ್ಮವೆಲ್ಲ ಬಿರಿದು ಹುಣ್ಣಾಯಿತು. ಮನೆ ನೋಡಿಕೊಳ್ಳಲು, ತಂಗಿ ತಮ್ಮಂದಿರನ್ನು ಸುಧಾರಿಸಲು ಒಬ್ಬರು ಬೇಕಾಯಿತು. ಇವಳ ಓದು ಅಲ್ಲಿಗೆ ನಿಂತಿತು. ಹದಿನೇಳು ತುಂಬಿದಾಗ ಯಾರೋ ಪರಿಚಯದವರು ಗ್ರಂಥಾಲಯದ ಬೈಂಡಿಂಗ್ ಕೋಣೆಗೆ ಸೇರಿಸಿದರು. ಅಲ್ಲಿದ್ದ ಮುದಿ ಮೇಸ್ತ್ರಿ ಬಾಯಿ ಬಿಟ್ಟರೆ ಬೈಗುಳ. ಆದರೆ ಕೈಯಲ್ಲಿ ಕಲೆ ಇತ್ತು. ದಾರಕ್ಕೆ ಮೇಣ ಹಚ್ಚುವುದರಿಂದ ಹಿಡಿದು ಪುಸ್ತಕದ ಬೆನ್ನು ದುಂಡಗೆ ತಟ್ಟುವವರೆಗೆ ಎಲ್ಲವನ್ನೂ ಅವಳಿಗೆ ಕಲಿಸಿದರು.

ಮೇಸ್ತ್ರಿಯ ಒಂದು ಕಟ್ಟಪ್ಪಣೆ ಇತ್ತು. ಹಳೆಯ ಪುಸ್ತಕ ಬಿಚ್ಚಿದ ಮೇಲೆ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಒಂದೊಂದಾಗಿ ಎಣಿಸಬೇಕು. ಹಾಳೆ ಬಿಟ್ಟುಹೋಗಿದ್ದರೆ ಇನ್ನೊಂದು ಪ್ರತಿ ಹುಡುಕಿ, ನಕಲು ತೆಗೆಸಿ, ಅದರ ಜಾಗದಲ್ಲೇ ಸೇರಿಸಿ ಹೊಲಿಯಬೇಕು. ಹಾಗೆ ಎಣಿಸುವಾಗಲೇ ಆ ಕಾದಂಬರಿ ಅವಳಿಗೆ ಗಂಟುಬಿದ್ದದ್ದು. ಅದು ಹೆಸರಾದ ಹಳೆಯ ಕಾದಂಬರಿ, ನಾನೂರ ಹದಿನಾರು ಪುಟ. ದೊಡ್ಡ ಊರಿನ ಬಡ ಓಣಿಯೊಂದರಲ್ಲಿ, ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಬೆಳೆಯುವ ಹುಡುಗಿಯ ಕಥೆ. ಐವತ್ತೇಳನೆಯ ಪುಟಕ್ಕೆ ಬಂದಾಗ ಅವಳ ಬೆರಳು ನಿಂತಿತು. ಆ ಪುಟದಲ್ಲಿ ಹುಡುಗಿ ನಲ್ಲಿಯ ಸಾಲಿನಲ್ಲಿ ಎಲ್ಲರನ್ನೂ ಮುಂದೆ ಬಿಟ್ಟು ತಾನು ಕೊನೆಗೆ ನಿಲ್ಲುತ್ತಾಳೆ. ಅವಳ ಕೊಡಕ್ಕೆ ತೂತು; ತೂತಿಗೆ ಸೋಪು ಮೆತ್ತಿದೆ; ಅದು ಯಾರ ಕಣ್ಣಿಗೂ ಬೀಳಬಾರದು.

“ತಮ್ಮಾ, ಅದು ನಮ್ಮನೆ ಕೊಡ ಕಣೋ,” ಎಂದು ಎಷ್ಟೋ ವರ್ಷದ ಮೇಲೆ ನನಗೆ ಹೇಳಿದ್ದಳು. “ಸೋಪು ಮೆತ್ತಿ ನೀರು ಹೊರೋದನ್ನೆಲ್ಲ ಪುಸ್ತಕದಲ್ಲಿ ಬರೀಬಹುದು ಅಂತಾನೇ ನನಗೆ ಗೊತ್ತಿರಲಿಲ್ಲ. ಪುಸ್ತಕ ಅಂದ್ರೆ ರಾಜರದ್ದು ಅಂದ್ಕೊಂಡಿದ್ದೆ.”

ಅಂದು ಎಣಿಸುವುದನ್ನು ಬಿಟ್ಟು ಓದತೊಡಗಿದವಳಿಗೆ ಮೇಸ್ತ್ರಿ ತಲೆಯ ಮೇಲೆ ಮೊಟಕಿದರಂತೆ. ಆಮೇಲೆ ವರ್ಷಕ್ಕೊಂದು ಸಲವಾದರೂ ಅದನ್ನು ಓದುತ್ತಿದ್ದಳು. ಇಪ್ಪತ್ತೇಳು ವರ್ಷದಲ್ಲಿ ಆ ಪ್ರತಿಗೆ ಮೂರು ಸಲ ಹೊಸ ರಟ್ಟು ಕಟ್ಟಿದಳು; ಕೊನೆಯ ಸಲ ಬೆನ್ನಿಗೆ ಕಡುನೀಲಿ ಬಟ್ಟೆ ಹಾಕಿದ್ದಳು. ನಾನು ಕೌಂಟರಿನಲ್ಲಿ ಅದನ್ನು ನೂರು ಸಲ ಕೊಟ್ಟಿದ್ದೇನೆ, ನೂರು ಸಲ ವಾಪಸು ಪಡೆದಿದ್ದೇನೆ. ಬಿಡಿಸಿ ನೋಡಿರಲಿಲ್ಲ. ಬೇಕರಿಯವನಿಗೆ ಬ್ರೆಡ್ ಬೇಡವಾದ ಹಾಗೆ ನನಗೆ ಪುಸ್ತಕ.

ಮೂರು ವರ್ಷದ ಹಿಂದೆ ಹೊಸ ಅಧಿಕಾರಿ ಬಂದರು. ಮಾತು ಮೃದು, ನಗು ಧಾರಾಳ, ಎಲ್ಲದಕ್ಕೂ ಒಂದು ಕಾರ್ಯಕ್ರಮ. ಆ ಕಾದಂಬರಿಗೆ ಎಪ್ಪತ್ತೈದು ವರ್ಷವಾಯಿತೆಂದು ಯಾರೋ ಅವರ ಕಿವಿಗೆ ಹಾಕಿದ್ದೇ ತಡ, ಸಭೆ ನಿಗದಿಯಾಯಿತು. ಒಬ್ಬರು ದೊಡ್ಡ ಭಾಷಣಕಾರರು ಬರುವುದು, ಊರಿನ ಒಳ್ಳೆಯ ಶಾಲೆಯೊಂದರ ಮಕ್ಕಳು ಕಾದಂಬರಿಯ ಪಾತ್ರಗಳ ವೇಷ ಹಾಕಿ ವೇದಿಕೆಯ ಮೇಲೆ ಬರುವುದು, ಮಕ್ಕಳಿಗೆಂದೇ ಅಚ್ಚಾದ ಹೊಸ ಸಂಕ್ಷಿಪ್ತ ಆವೃತ್ತಿ ಬಿಡುಗಡೆಯಾಗುವುದು.

ಸಭೆಗೆ ಎರಡು ದಿನ ಮುಂಚೆ ಆ ಶಾಲೆಯ ಟೀಚರಮ್ಮ ಒಂದು ದೊಡ್ಡ ಚೀಲ ಹೊತ್ತುಕೊಂಡು ಬೈಂಡಿಂಗ್ ಕೋಣೆಗೆ ಬಂದರು. ನಾನೇ ದಾರಿ ತೋರಿಸಿ ಕರೆದೊಯ್ದಿದ್ದೆ. ಚೀಲದ ತುಂಬ ಹೊಸ ಬಟ್ಟೆ. ಇಸ್ತ್ರಿ ಗೆರೆ ಮಾಸಿರಲಿಲ್ಲ.

“ನಿಮ್ಮ ಕೈಯಲ್ಲಿ ಸೂಜಿ ಚೆನ್ನಾಗಿ ಓಡತ್ತಂತೆ. ಸಾಹೇಬರು ಹೇಳಿದ್ರು. ಇವಕ್ಕೆ ಒಂದಿಷ್ಟು ತೇಪೆ ಹಾಕಿಕೊಡಬೇಕಲ್ಲ,” ಎಂದರು ಟೀಚರಮ್ಮ.

ರಟ್ಟಕ್ಕ ಒಂದು ಲಂಗವನ್ನು ತೆಗೆದು ಬೆಳಕಿಗೆ ಹಿಡಿದಳು. ಹಿಂದೆ ಮುಂದೆ ತಿರುಗಿಸಿದಳು. “ಎಲ್ಲಿ ಹರಿದಿದೆ ಮೇಡಂ?”

“ಹರಿದಿಲ್ಲ. ಸುಮ್ನೆ ಕಾಣೋಕೆ. ಬಣ್ಣಬಣ್ಣದ ತೇಪೆ ಇದ್ರೆ ವೇದಿಕೆ ಮೇಲೆ ಮುದ್ದಾಗಿರತ್ತೆ.”

“ಹರಿಯದೇ ಇರೋ ಬಟ್ಟೆಗೆ ತೇಪೆ ಹಾಕೋಕೆ ನನಗೆ ಬರಲ್ಲ ಮೇಡಂ,” ಎಂದು ಲಂಗ ಮಡಿಸಿ ಚೀಲದಲ್ಲಿಟ್ಟಳು. “ನಾನು ಚಿಕ್ಕವಳಿದ್ದಾಗ ನಮ್ಮಮ್ಮ ತೇಪೆ ಹಾಕೋವಾಗ ಅದೇ ಬಣ್ಣದ ಬಟ್ಟೆ ಸಿಗಲಿ ಅಂತ ಅಕ್ಕಪಕ್ಕದ ಹನ್ನೊಂದು ಮನೆ ಬಾಗಿಲು ತಟ್ಟೋಳು. ಕಾಣಬಾರದು ಅಂತ ತೇಪೆ ಹಾಕೋದು. ಕಾಣಲಿ ಅಂತ ಅಲ್ಲ.”

ಟೀಚರಮ್ಮ ನನ್ನ ಮುಖ ನೋಡಿದರು. ನಾನು ಗೋಡೆ ನೋಡಿದೆ. ತೇಪೆಗಳನ್ನು ಕೊನೆಗೆ ಯಾವುದೋ ಅಂಗಡಿಯಲ್ಲಿ ಹಾಕಿಸಿದರೆಂದು ಕಾಣುತ್ತದೆ. ಸಭೆಯ ದಿನ ಮಕ್ಕಳು ಕೆಂಪು ಹಳದಿ ತೇಪೆಗಳಲ್ಲಿ, ಕೆನ್ನೆಗೆ ಕಾಡಿಗೆಯಿಂದ ಬಳಿದುಕೊಂಡ ಮಸಿಯಲ್ಲಿ, ಕೈ ಕೈ ಹಿಡಿದು ನಗುತ್ತಾ ಬಂದರು. ಚಪ್ಪಾಳೆಯೋ ಚಪ್ಪಾಳೆ. ಆ ಮಕ್ಕಳ ತಪ್ಪೇನೂ ಇಲ್ಲ. ಅವರಿಗೆ ಹಾಕಿಸಿದ್ದನ್ನು ಹಾಕಿಕೊಂಡಿದ್ದರು.

ಭಾಷಣಕಾರರು ಮುಕ್ಕಾಲು ಗಂಟೆ ಮಾತಾಡಿದರು. “ಬಡತನ ಈ ಹುಡುಗಿಗೆ ಶಾಪವಲ್ಲ, ಅದೇ ಅವಳ ಪಾಠಶಾಲೆ. ಇಲ್ಲಗಳ ನಡುವೆಯೂ ಎಷ್ಟು ನಗು ನೋಡಿ. ನಮ್ಮ ಮಕ್ಕಳಿಗೆ ಎಲ್ಲ ಕೊಟ್ಟೆವು, ಆ ನಗುವನ್ನು ಕೊಡಲಿಲ್ಲ,” ಎಂದರು. ಮುಂದಿನ ಸಾಲಿನ ತಾಯಂದಿರು ತಲೆದೂಗಿದರು. ಕೊನೆಗೆ, ಯಾರಿಗಾದರೂ ಪ್ರಶ್ನೆ ಇದೆಯೇ ಎಂದು ಅಧಿಕಾರಿ ಬಾಯಿಮಾತಿಗೆ ಕೇಳಿದರು. ಬಾಗಿಲ ಬಳಿ ನಿಂತಿದ್ದ ರಟ್ಟಕ್ಕ ಕೈಯೆತ್ತಿದಳು. ಬೆರಳಿನಲ್ಲಿ ಒಣಗಿದ ಅಂಟು ಇನ್ನೂ ಸಿಪ್ಪೆಸಿಪ್ಪೆಯಾಗಿತ್ತು.

“ಸಾರ್, ನಾನು ಇಲ್ಲೇ ಕೆಲಸ ಮಾಡೋಳು. ಆ ಪುಸ್ತಕದಲ್ಲಿ ಹುಡುಗಿ ನಗೋದು ಎಲ್ಲಿ ಅಂತ ಸ್ವಲ್ಪ ಹೇಳ್ತೀರಾ?”

ಭಾಷಣಕಾರರು ದೊಡ್ಡ ಮನಸ್ಸು ಮಾಡಿ ನಕ್ಕರು. “ಅಮ್ಮಾ, ಇಡೀ ಕೃತಿಯೇ ಒಂದು ಮಂದಹಾಸ.”

“ನೂರಾ ಎಂಬತ್ತನೇ ಪುಟದಲ್ಲಿ ಅಳ್ತಾಳೆ ಸಾರ್. ಇನ್ನೂರ ಹನ್ನೆರಡರಲ್ಲಿ ಹೊಡೆಯೋಕೆ ಕಲ್ಲು ಎತ್ಕೋತಾಳೆ. ನಗೋದು ಒಂದೇ ಸಲ, ಮನೆ ಮಾಲೀಕರ ಕಡೆಯೋನು ಮೆಟ್ಟಿಲಲ್ಲಿ ಜಾರಿ ಬಿದ್ದಾಗ. ನೀವು ಓದಿರೋದು ಬೇರೆ ಪುಸ್ತಕ ಇರಬೇಕು.”

ಹಿಂದಿನ ಸಾಲುಗಳಲ್ಲಿ ಯಾರೋ ಕಿಸಕ್ಕೆಂದರು. ಅಧಿಕಾರಿ ಮೈಕು ಕಿತ್ತುಕೊಂಡು, ಸಮಯದ ಅಭಾವವಿದೆ, ಚಹಾ ಆರುತ್ತಿದೆ ಎಂದರು. ಆಮೇಲೆ ತಮ್ಮ ಕೋಣೆಗೆ ಕರೆಸಿ, “ನೀವು ಪುಸ್ತಕ ಕಟ್ಟೋರು. ಕಟ್ಟಿ. ವಿಮರ್ಶೆ ಮಾಡೋಕೆ ಬೇರೆಯವರಿದ್ದಾರೆ,” ಎಂದರಂತೆ. ಆ ಮಾತನ್ನು ಅವಳು ನನಗೆ ಹೇಳುವಾಗ ದನಿ ಏರಿಸಲಿಲ್ಲ. ಆದರೆ ರಟ್ಟು ಕತ್ತರಿಸುತ್ತಿದ್ದ ಚಾಕು ಗೆರೆ ಬಿಟ್ಟು ಹೋಯಿತು. ಹಾಗಾದದ್ದನ್ನು ನಾನು ನೋಡಿದ್ದು ಅದೇ ಮೊದಲು.

ಹೊಸ ಆವೃತ್ತಿಯ ನಲವತ್ತು ಪ್ರತಿಗಳನ್ನು ಗ್ರಂಥಾಲಯಕ್ಕೆ ಕೊಂಡಿದ್ದರು. ನೂರ ಮೂವತ್ತೆರಡು ಪುಟ, ಬಣ್ಣದ ಚಿತ್ರ, ತೆಳು ಹೊದಿಕೆ. ಮಕ್ಕಳ ಕೈಯಲ್ಲಿ ತಿಂಗಳು ಬಾಳುವುದಿಲ್ಲವೆಂದು ಎಲ್ಲವನ್ನೂ ಗಟ್ಟಿ ರಟ್ಟು ಹಾಕಲು ಬೈಂಡಿಂಗ್ ಕೋಣೆಗೆ ಕಳಿಸಿದರು. ಅವಳು ಬಿಚ್ಚಿದಳು, ಎಣಿಸಿದಳು, ಓದಿದಳು. ಮೂರನೆಯ ದಿನ ನೀಲಿ ಬೆನ್ನಿನ ಹಳೆಯ ಪ್ರತಿಯನ್ನು ಹಿಡಿದು ನನ್ನ ಕೌಂಟರಿಗೆ ಬಂದಳು. ಜೆರಾಕ್ಸ್ ಯಂತ್ರ ಇದ್ದದ್ದು ನನ್ನ ಪಕ್ಕದಲ್ಲಿ.

“ತಮ್ಮಾ, ಹಾಳೆ ಬಿಟ್ಟುಹೋಗಿದೆ. ಗುರುತು ಹಾಕಿರೋ ಇಪ್ಪತ್ತೆರಡು ಪುಟ, ಎರಡೂ ಬದಿ, ನಲವತ್ತು ಸಲ ತೆಗೆದುಕೊಡು.”

ನನಗೆ ಗೊತ್ತಾಗಲಿಲ್ಲ ಎಂದರೆ ಸುಳ್ಳು. ನಲವತ್ತು ಪ್ರತಿಗಳಲ್ಲೂ ಒಂದೇ ಹಾಳೆಗಳು ಬಿಟ್ಟುಹೋಗುವುದುಂಟೆ? ಆದರೂ ಬಾಯಿ ಬಿಡದೆ ಗುಂಡಿ ಒತ್ತಿದೆ. ಮೂರು ಮಧ್ಯಾಹ್ನ ಹಿಡಿಯಿತು. ಯಂತ್ರ ಬಿಸಿಯಾಗಿ ನಿಂತಾಗ ಕೈಯಲ್ಲಿದ್ದ ಪುಟ ಓದದೆ ಬೇರೆ ದಾರಿ ಇರಲಿಲ್ಲ. ಹಾಗೆ ನಾನು ಆ ಕಾದಂಬರಿಯನ್ನು ಮೊದಲ ಸಲ ಓದಿದ್ದು, ಓದಿದ್ದು ಅಷ್ಟನ್ನೇ.

ಒಂದು ಭಾಗದಲ್ಲಿ ಹುಡುಗಿಯ ಅಪ್ಪನ ಬಲಗೈ ಕಾರ್ಖಾನೆಯ ಯಂತ್ರಕ್ಕೆ ಸಿಕ್ಕಿ ಹೆಬ್ಬೆರಳು ಹೋಗುತ್ತದೆ. ಕಾರ್ಖಾನೆಯವನು ಆಸ್ಪತ್ರೆಗೇ ಬಂದು, ತಪ್ಪು ನನ್ನದೇ ಎಂಬ ಕಾಗದಕ್ಕೆ ಹೆಬ್ಬೆಟ್ಟು ಒತ್ತಲು ಕೇಳುತ್ತಾನೆ. ಬಲಗೈಗೆ ಸುತ್ತಿದ ಬಟ್ಟೆ ನೋಡಿ, ಪರವಾಗಿಲ್ಲ ಎಡಗೈದು ಒತ್ತು ಅನ್ನುತ್ತಾನೆ. ಇನ್ನೊಂದರಲ್ಲಿ ದಾನ ಕೊಡುವ ಹೆಂಗಸರು ಓಣಿಗೆ ಬರುತ್ತಾರೆ. ಫೋಟೋ ತೆಗೆಯುವ ಮುಂಚೆ, ಹುಡುಗಿ ಹಾಕಿಕೊಂಡಿದ್ದ ಚೆನ್ನಾಗಿಯೇ ಇದ್ದ ಸ್ವೆಟರನ್ನು ಬಿಚ್ಚಿಸುತ್ತಾರೆ, ಕೊಡುವಾಗ ಅವಳು ಚಳಿಯಲ್ಲಿ ನಡುಗುತ್ತಿರಬೇಕೆಂದು. ಫೋಟೋ ಮುಗಿಯುವಷ್ಟರಲ್ಲಿ ಬಿಚ್ಚಿಟ್ಟ ಸ್ವೆಟರು ಕಾಣೆಯಾಗಿರುತ್ತದೆ. ಮೂರನೆಯದು ಆ ಕೊಡದ ಕಥೆ. ಹೊಸ ಆವೃತ್ತಿಯಲ್ಲಿ ಇವಿಷ್ಟಕ್ಕೂ ಸೇರಿ ಇದ್ದದ್ದು ಒಂದು ಸಾಲು: ‘ಕಷ್ಟಗಳು ಬಂದರೂ ಆ ಮನೆಯವರು ನಗುನಗುತ್ತಾ ಬಾಳಿದರು.’

ಆ ಸಾಲು ಓದಿ ನನ್ನಂಥವನ ಮೈಯೂ ಉರಿಯಿತು.

ಅವಳು ನಲವತ್ತು ಪ್ರತಿಗಳಲ್ಲೂ ಆ ಹಾಳೆಗಳನ್ನು ಆಯಾ ಜಾಗದಲ್ಲಿಟ್ಟು, ಉಳಿದ ಹಾಳೆಗಳ ಜೊತೆಗೇ ದಾರ ಹಾಯಿಸಿ ಹೊಲಿದಳು. ಅಂಟಿಸಿದ್ದಲ್ಲ, ಅಂಟಿಸಿದ್ದನ್ನು ಎಳೆದರೆ ಬರುತ್ತದೆ. ಮುಚ್ಚುಮರೆಯೂ ಇರಲಿಲ್ಲ. ಹೊಳೆಯುವ ಬಿಳಿ ಹಾಳೆಗಳ ನಡುವೆ ನಕಲಿನ ಮಸುಕು ಹಾಳೆಗಳು ಪಕ್ಕದಿಂದಲೇ ಗೆರೆಯಂತೆ ಕಾಣುತ್ತಿದ್ದವು.

ಎರಡು ತಿಂಗಳು ಏನೂ ಆಗಲಿಲ್ಲ. ಈ ನಡುವೆ ಹಳೆಯ ಪುಸ್ತಕಗಳನ್ನು ರದ್ದಿಗೆ ಹಾಕಲು ಆದೇಶ ಬಂತು. ಒಂದೇ ಪುಸ್ತಕಕ್ಕೆ ಹೊಸ ಆವೃತ್ತಿ ಇದ್ದರೆ ಹಳೆಯದು ಬೇಡ ಎಂಬುದು ನಿಯಮ. ಪಟ್ಟಿ ಮಾಡಿದವನು ನಾನು. ಎಂಟುನೂರು ಹೆಸರುಗಳನ್ನು ಯಂತ್ರದ ಹಾಗೆ ಟೈಪ್ ಮಾಡಿದೆ, ಕೆಳಗೆ ಸಹಿ ಹಾಕಿದೆ. ವಾರದ ರಜೆಯ ದಿನ ಲಾರಿ ಬಂತು. ಮೂಟೆಗಳನ್ನು ಎಣಿಸಿ ಏರಿಸಿದವನೂ ನಾನೇ. ಅದರಲ್ಲಿ ನೀಲಿ ಬೆನ್ನಿನ ಪುಸ್ತಕ ಇತ್ತು ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ. ಮೂರು ಮಧ್ಯಾಹ್ನ ಕೈಯಲ್ಲಿ ಹಿಡಿದಿದ್ದ ಪುಸ್ತಕ.

ಮುಂದಿನ ವಾರವೇ ದೂರು ಬಂತು. ವೇದಿಕೆಯ ಮೇಲೆ ಹುಡುಗಿಯ ವೇಷ ಹಾಕಿದ್ದ ಮಗುವಿನ ತಾಯಿ ಪುಸ್ತಕ ಹಿಡಿದು ಅಧಿಕಾರಿಯ ಮುಂದೆ ಕೂತರು. ಮಗಳು ಎರಡು ದಿನ ಸರಿಯಾಗಿ ಊಟ ಮಾಡಿಲ್ಲ, ಆ ಕಾರ್ಖಾನೆಯವನನ್ನು ಪೊಲೀಸರು ಹಿಡಿದರಾ ಇಲ್ಲವಾ ಎಂದು ಕೇಳುತ್ತಿದ್ದಾಳೆ, ಇಂಥದ್ದನ್ನು ಮಕ್ಕಳ ಪುಸ್ತಕದಲ್ಲಿ ಯಾರು ಸೇರಿಸಿದ್ದು ಎಂದರು. ಅಧಿಕಾರಿ ಪುಸ್ತಕ ತಿರುಗಿಸಿದರು. ರಟ್ಟಕ್ಕನನ್ನು ಕರೆಸಿದರು. ಜೆರಾಕ್ಸ್ ನನ್ನದಾದ್ದರಿಂದ ನನ್ನನ್ನೂ.

“ಯಾರ ಅನುಮತಿ ತಗೊಂಡ್ರಿ?” ಎಂದು ಕೇಳಿದರು.

“ಹಾಳೆ ಬಿಟ್ಟುಹೋಗಿದ್ರೆ ಸೇರಿಸಿ ಕಟ್ಟೋದು ನನ್ನ ಕೆಲಸ ಸಾರ್. ಇಪ್ಪತ್ತೇಳು ವರ್ಷದಿಂದ ಒಂದು ಸಲಾನೂ ಯಾರೂ ಅನುಮತಿ ಕೇಳು ಅಂದಿಲ್ಲ.”

“ಅದು ಬಿಟ್ಟುಹೋಗಿದ್ದಲ್ಲ ರೀ, ಬಿಟ್ಟಿದ್ದು. ತಿಳಿದವರು ಯೋಚನೆ ಮಾಡಿ ಬಿಟ್ಟಿರೋದು. ಮಕ್ಕಳಿಗೆ ಇಷ್ಟು ನೋವು ಯಾಕೆ?”

“ಯಾವ ಮಕ್ಕಳಿಗೆ ಸಾರ್?” ಎಂದಳು ರಟ್ಟಕ್ಕ. “ಡಿಪೋ ಹಿಂದಿನ ಮಕ್ಕಳೂ ನಮ್ಮಲ್ಲಿ ಪುಸ್ತಕ ತಗೊಳ್ಳೋಕೆ ಬರ್ತಾರೆ. ಅವರಿಗೆ ಇದು ನೋವಲ್ಲ, ಮನೇಲಿ ನಡೆಯೋ ವಿಷಯ. ಅವರಪ್ಪನ ಕೈಗೆ ಆಗಿದ್ದನ್ನ ಪುಸ್ತಕದಿಂದ ಕಿತ್ತುಹಾಕಿ, ನಗುನಗುತ್ತಾ ಬಾಳಿದರು ಅಂತ ಬರೆದುಕೊಟ್ರೆ, ಆ ಮಗು ಏನು ತಿಳ್ಕೊಳ್ಬೇಕು? ನಮ್ಮನೇಲಿ ಯಾಕೆ ನಗಲ್ಲ, ನಾವೇ ಸರಿಯಿಲ್ಲ ಅಂತ ತಾನೆ?”

ಅಧಿಕಾರಿ ಪುಸ್ತಕ ಮುಚ್ಚಿ ಪಕ್ಕಕ್ಕೆ ಸರಿಸಿದರು. ಆಮೇಲೆ ಹೇಳಿದ ಮಾತು ನನ್ನ ಕಿವಿಯಲ್ಲಿ ಇವತ್ತೂ ಹಾಗೇ ಇದೆ. “ಈ ಪುಟಗಳು ಮೂಲದಲ್ಲಿ ಇವೆ ಅಂತ ಏನು ಗ್ಯಾರಂಟಿ? ನೀವೇ ಎಲ್ಲಿಂದಲೋ ತಂದು ಸೇರಿಸಿರಬಹುದು. ನಿಮ್ಮ ಸಿಟ್ಟೂ ಹಾಗೇ ಇದೆ, ಈ ಪುಟಗಳೂ ಹಾಗೇ ಇವೆ.”

ರಟ್ಟಕ್ಕ ಹಳೆಯ ಪ್ರತಿ ತೋರಿಸಲು ಹೊರಗಿನ ಕಪಾಟಿನತ್ತ ನಡೆದಳು; ನಾನೂ ಅಧಿಕಾರಿಯೂ ಹಿಂದೆಯೇ ಹೋದೆವು. ಕಣ್ಣು ಮುಚ್ಚಿಕೊಂಡು ಹೋದರೂ ಸಿಗುವ ಜಾಗ ಅದು. ಕೈ ಹಾಕಿದಳು, ಅಕ್ಕಪಕ್ಕದ ಪುಸ್ತಕಗಳು ಒಂದಕ್ಕೊಂದು ವಾಲಿಕೊಂಡಿದ್ದವು. ಕೆಳಗಿನ ಸಾಲು ನೋಡಿದಳು, ಹಿಂದೆ ನೋಡಿದಳು. ನನ್ನ ಕಡೆ ತಿರುಗಿದಳು.

“ತಮ್ಮಾ, ಯಾರಿಗೆ ಕೊಟ್ಟಿದ್ದೀಯ?”

“ರದ್ದಿಗೆ ಹೋಯ್ತಕ್ಕ. ಪಟ್ಟಿಯಲ್ಲಿತ್ತು.”

“ಪಟ್ಟಿ ಯಾರು ಮಾಡಿದ್ದು?”

“ನಾನೇ.”

ಅವಳು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅಧಿಕಾರಿಯ ಮುಖದಲ್ಲಿ ಒಂದು ಸಣ್ಣ ನೆಮ್ಮದಿ ಕಂಡಿತು. ನಾನು ಅಷ್ಟು ವರ್ಷದಲ್ಲಿ ಯಾವ ಅಧಿಕಾರಿಗೂ ಎದುರಾಡಿದವನಲ್ಲ, ಅಂದು ಹೇಗೆ ಬಂತೋ, “ಸಾರ್, ಆ ಪುಟಗಳು ಮೂಲದಲ್ಲೇ ಇವೆ. ನಾನು ನನ್ನ ಕೈಯಾರೆ ಹಳೇ ಪುಸ್ತಕದಿಂದ ಜೆರಾಕ್ಸ್ ತೆಗೆದಿದ್ದೀನಿ. ಬೇಕಾದ್ರೆ ಬರೆದುಕೊಡ್ತೀನಿ,” ಎಂದುಬಿಟ್ಟೆ. “ಹಾಗಾದ್ರೆ ನಿಮಗೂ ಮೆಮೊ,” ಎಂದರು ಅವರು, ನಗುತ್ತಲೇ.

ನನಗೆ ಮೆಮೊ ಮಾತ್ರ ಬಂತು. ರಟ್ಟಕ್ಕನನ್ನು ಸರ್ಕಾರಿ ಸ್ವತ್ತನ್ನು ತಿದ್ದಿದ ಆರೋಪದ ಮೇಲೆ ಮಾರುಕಟ್ಟೆಯ ಬಳಿಯ ವಾಚನಾಲಯಕ್ಕೆ ವರ್ಗ ಮಾಡಿದರು. ಅಲ್ಲಿ ಇರುವುದು ಪತ್ರಿಕೆಗಳು, ಹದಿನಾರು ಕುರ್ಚಿ, ಒಂದು ಫ್ಯಾನು. ಹೊಲಿಯಲು ಒಂದೂ ಪುಸ್ತಕವಿಲ್ಲ. ಅಷ್ಟು ವರ್ಷ ಕಲಿತ ಕೈಗೆ ಪತ್ರಿಕೆಗಳನ್ನು ಕೋಲಿಗೆ ಸಿಕ್ಕಿಸುವ ಕೆಲಸ ಕೊಟ್ಟರು. ಶಿಕ್ಷೆ ಅಂತ ಎಲ್ಲಿಯೂ ಬರೆಯಲಿಲ್ಲ. ‘ಆಡಳಿತಾತ್ಮಕ ಕಾರಣ’ ಎಂದು ಬರೆದರು. ನಮ್ಮ ಕಚೇರಿಗಳಲ್ಲಿ ಹೊಟ್ಟೆಗೆ ಒದೆಯುವುದಕ್ಕೂ ಒಂದು ನಯವಾದ ಮಾತಿದೆ.

ನಲವತ್ತು ಪ್ರತಿಗಳಿಂದ ಆ ಹಾಳೆಗಳನ್ನು ಕಿತ್ತುಹಾಕಲು ಆದೇಶವಾಯಿತು. ಒಂದು ಪ್ರತಿಯಲ್ಲಿ ಪ್ಯೂನ್ ಪ್ರಯತ್ನಿಸಿದ. ಒಂದು ಹಾಳೆ ಎಳೆದರೆ ದಾರದ ಜೊತೆ ಹಿಂದುಮುಂದಿನ ಹಾಳೆಗಳೂ ಕಿತ್ತು ಬಂದು ಪುಸ್ತಕ ಅವನ ಮಡಿಲಲ್ಲಿ ಚೆಲ್ಲಾಪಿಲ್ಲಿಯಾಯಿತು. ಹೊರಗಿನವರನ್ನು ಕರೆಸೋಣ ಎಂದರು ಅಧಿಕಾರಿ. ಅದಕ್ಕೆ ನಾಲ್ಕು ದಿನ ಬೇಕಿತ್ತು. ಆ ನಾಲ್ಕು ದಿನದಲ್ಲಿ ನಾನು ಕೌಂಟರಿನಲ್ಲಿ ಮಾಡಿದ ಕೆಲಸವನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ. ಬಂದ ಮಕ್ಕಳಿಗೆಲ್ಲ, ಕೇಳಿದವರಿಗೂ ಕೇಳದವರಿಗೂ, ‘ಇದು ಚೆನ್ನಾಗಿದೆ, ತಗೊಂಡು ಹೋಗು’ ಎಂದು ಕೊಟ್ಟೆ. ಡಿಪೋದ ಹಿಂದಿನಿಂದ ಬರುವ ಮಕ್ಕಳನ್ನು ಕರೆದು ಕರೆದು ಕೊಟ್ಟೆ. ಬೈಂಡರು ಬಂದಾಗ ಕಪಾಟಿನಲ್ಲಿ ಉಳಿದದ್ದು ಆರು. ಆಮೇಲೆ ಕೆಲವು ವಾಪಸು ಬಂದವು, ಅವುಗಳ ಹಾಳೆ ಕಿತ್ತರು. ಇಪ್ಪತ್ತಕ್ಕೂ ಹೆಚ್ಚು ಪ್ರತಿಗಳು ಮಾತ್ರ ಮಕ್ಕಳ ಬಳಿಯೇ ಉಳಿದವು. ನಾನೂ ಪುಸ್ತಕ ಮರಳಿಸಿ ಎಂದು ಯಾರಿಗೂ ಜ್ಞಾಪನಾ ಪತ್ರ ಕಳಿಸಲಿಲ್ಲ.

ಇಷ್ಟರಿಂದ ಅನ್ಯಾಯ ಸರಿಹೋಯಿತೆಂದು ನಾನು ಹೇಳುವುದಿಲ್ಲ. ಅಧಿಕಾರಿ ಬಡ್ತಿ ಪಡೆದು ಹೋದರು. ಸಂಕ್ಷಿಪ್ತ ಆವೃತ್ತಿ ಎರಡನೆಯ ಮುದ್ರಣ ಕಂಡಿದೆ. ಪೂರ್ತಿ ಕಾದಂಬರಿ ಈಗ ಅಂಗಡಿಗಳಲ್ಲೂ ಸಿಗುವುದಿಲ್ಲ. ನಾನು ಕೇಳದ ಅಂಗಡಿಯಿಲ್ಲ.

ಕಳೆದ ತಿಂಗಳು ವಾಚನಾಲಯಕ್ಕೆ ಹೋಗಿದ್ದೆ. ಕ್ಷಮೆ ಕೇಳಬೇಕೆಂದು ಎರಡು ವರ್ಷದಿಂದ ಹೋಗುತ್ತಲೇ ಇದ್ದೇನೆ, ಪ್ರತಿ ಸಲವೂ ಚಹಾ ಕುಡಿದು ವಾಪಸು ಬರುತ್ತೇನೆ. ಅಂದು ಜನ ಕಡಿಮೆ ಇದ್ದರು. ಅವಳು ಕಿಟಕಿಯ ಕಟ್ಟೆಯ ಮೇಲೆ ಕೂತು ಹರಿದ ವಾರಪತ್ರಿಕೆಯೊಂದನ್ನು ಸುಮ್ಮನೆ ಅಭ್ಯಾಸಬಲದಿಂದ ಹೊಲಿಯುತ್ತಿದ್ದಳು.

“ಅಕ್ಕಾ, ನಾನು ಇಪ್ಪತ್ತೆರಡು ಪುಟ ಓದಿದೆ ಅಷ್ಟೇ. ಕೊನೆಗೆ ಆ ಹುಡುಗಿ ಏನಾಗ್ತಾಳೆ?”

“ಕೊನೆಯಾ? ಕೊನೆ ನೆನೆಸಿಕೊಂಡ್ರೆ ಈಗ್ಲೂ ಸಿಟ್ಟು ಬರತ್ತೆ,” ಎಂದಳು. “ಬೇರೆ ಊರಿಗೆ ಓದೋಕೆ ಹೋಗ್ತಾಳೆ. ರೈಲು ಹತ್ತಿದವಳು ತಂಗಿ ಕಡೆ ಒಂದು ಸಲ ಕೈಬೀಸ್ತಾಳೆ, ಅಷ್ಟೇ, ಪುಸ್ತಕ ಮುಗೀತು. ಆ ತಂಗಿ ಮನೆಗೆ ಹೋಗಿ ಏನು ಮಾಡಿದ್ಲು? ನೀರು ಯಾರು ತಂದ್ರು? ಅಮ್ಮನ್ನ ಯಾರು ನೋಡ್ಕೊಂಡ್ರು? ಬರೆದವರಿಗೆ ಅಷ್ಟೆಲ್ಲ ಗೊತ್ತಿತ್ತು, ಅದು ಮಾತ್ರ ಯಾಕೆ ಗೊತ್ತಿರಲಿಲ್ಲ? ಹೋದವಳ ಕಥೆ ನಾನೂರು ಪುಟ. ಉಳಿದವಳಿಗೆ ಅರ್ಧ ಸಾಲು.”

“ಹಾಗಿದ್ರೂ ಇಪ್ಪತ್ತೇಳು ಸಲ ಓದಿದ್ಯಲ್ಲಕ್ಕ.”

“ಪ್ರತಿ ಸಲ, ಈ ಸಲವಾದ್ರೂ ರೈಲಿಂದ ಇಳೀತಾಳೇನೋ ಅಂತ ಓದ್ತಿದ್ದೆ,” ಎಂದು ಹಲ್ಲಿನಿಂದ ದಾರ ಕಡಿದಳು. “ಇಳಿಯಲ್ಲ. ಕೂತೇ ಇರ್ತಾಳೆ.”